ನ್ಯಾಯಮೂರ್ತಿ ರಾನಡೆಯವರೂ ಸ್ತ್ರೀಜನರ ಹಕ್ಕೂ

ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರ ಪುಣ್ಯದಿನವೂ ಜನ್ಮದಿನವೂ ಜನವರಿ ತಿಂಗಳಲ್ಲಿ ಎರಡೇ ದಿನಗಳ ಅಂತರದಿಂದ ಬರುತ್ತವೆ. 1901ನೆಯ ಇಸವಿ ಜನವರಿ 16ನೆಯ ತಾರೀಖು ಅವರು ಮುಂಬಯಿಯಲ್ಲಿ ದಿವಂಗತರಾದರು. ಇನ್ನೆರಡು ದಿನ ಬದುಕಿದ್ದರೆ ಅವರಿಗೆ ಐವತ್ತೊಂಬತ್ತು ತುಂಬುತ್ತಿತ್ತು. ಅವರನ್ನು ಅರ್ಥಶಾಸ್ತ್ರಜ್ಞರೆಂದು ಕೆಲವರು ನೆನೆಯುತ್ತಾರೆ. ಮರಾಠರ ಇತಿಹಾಸವನ್ನು ಬರೆದವರೆಂದು ಕೆಲವರು, ಗೋಖಲೆಯವರ ಗುರುಗಳೆಂದು ಮತ್ತೆ ಕೆಲವರು. ಇವೆಲ್ಲ ನಿಜವೇ. ಆದರೆ ಸ್ತ್ರೀಜನರ ಪಕ್ಷವನ್ನು ಹಿಡಿದ ನ್ಯಾಯಾಧೀಶರೆಂಬ ನೆಲೆಯಿಂದ ಅವರ ಚರಿತ್ರೆಯನ್ನು ನೋಡಿದಾಗ ಮಾತ್ರ ಆ ಬಾಳಿನ ನಡುವೆ ಇರುವ ಒಂದು ಬಿರುಕು ಕಣ್ಣಿಗೆ ಬೀಳುತ್ತದೆ. ದೊಡ್ಡವರ ಚರಿತ್ರೆಯನ್ನು ಬರೆಯುವವರು ಇಂಥ ಬಿರುಕಿಗೆ ಗಾರೆ ಮೆತ್ತುವುದುಂಟು. ಹಾಗೆ ಮಾಡುವ ಇಚ್ಛೆ ನಮಗಿಲ್ಲ.

ರಾನಡೆಯವರು ಹುಟ್ಟಿದ್ದು 1842ರಲ್ಲಿ, ನಾಸಿಕ ಜಿಲ್ಲೆಯ ನಿಫಾಡದಲ್ಲಿ, ಚಿತ್ಪಾವನ ಬ್ರಾಹ್ಮಣರ ಮನೆಯಲ್ಲಿ. ತಂದೆ ಗೋವಿಂದರಾಯರು ನೌಕರಿಯ ಮೇಲೆ ಕೊಲ್ಹಾಪುರ ಸಂಸ್ಥಾನಕ್ಕೆ ಹೋದುದರಿಂದ ಬಾಲ್ಯವು ಅಲ್ಲಿ ಕಳೆಯಿತು. ಹದಿನಾಲ್ಕನೆಯ ವಯಸ್ಸಿಗೆ ಮುಂಬಯಿಯ ಎಲ್ಫಿನ್‌ಸ್ಟನ್ ವಿದ್ಯಾಲಯವನ್ನು ಸೇರಿದರು. ಮುಂಬಯಿ ವಿಶ್ವವಿದ್ಯಾನಿಲಯವು 1857ರಲ್ಲಿ ಸ್ಥಾಪಿತವಾಗಿ, 1859ರಲ್ಲಿ ಮೊದಲ ಸಲ ಮೆಟ್ರಿಕ್ಯುಲೇಶನ್ ಪರೀಕ್ಷೆಯನ್ನು ನಡೆಸಿದಾಗ ತೇರ್ಗಡೆಯಾದವರಲ್ಲಿ ಅವರೊಬ್ಬರು. 1862ರಲ್ಲಿ ಬಿ.ಎ., 1864ರಲ್ಲಿ ಎಂ.ಎ., 1866ರಲ್ಲಿ ಎಲ್.ಎಲ್.ಬಿ. ಮೆಟ್ರಿಕ್ಯುಲೇಶನ್ನಿಗೇ ವಿದ್ಯೆಯನ್ನು ಮುಗಿಸಿದ ನಮ್ಮಂಥವರಿಗೆ ಈ ಪಟ್ಟಿಯನ್ನು ಓದಿದರೇ ಏದುಸಿರು ಬರುತ್ತದೆ. ಅತಿಯಾದ ಓದಿನಿಂದ ಅವರ ಕಣ್ಣುಗಳು ತಾರುಣ್ಯದಲ್ಲಿಯೇ ಕೆಟ್ಟವು. ಮುಂದೆ ಬಾಳಿನುದ್ದಕ್ಕೂ ಇನ್ನೊಬ್ಬರಿಂದ ಓದಿಸಿ ಕೇಳುವ ಪ್ರಸಂಗವು ಒದಗಿತು. ಸರಕಾರದ ಭಾಷಾಂತರದ ಕಚೇರಿ, ನಮ್ಮ ಗಡಿಗೆ ತಗುಲಿಕೊಂಡ ಅಕ್ಕಲಕೋಟೆಯಲ್ಲಿ ಕೆಲಕಾಲ ಕಾರಭಾರಿ, ಕೊಲ್ಹಾಪುರದಲ್ಲಿ ನ್ಯಾಯಾಧೀಶ, ಎಲ್ಫಿನ್‌ಸ್ಟನ್ನಿನಲ್ಲಿ ಇಂಗ್ಲಿಷ್ ಅಧ್ಯಾಪಕ, ಹೀಗೆ ಕೆಲವು ವರ್ಷಗಳು ಸರಿದವು. 1870ರ ಬಳಿಕ ನ್ಯಾಯಖಾತೆಯಲ್ಲಿ ನೆಲೆಯೂರಿ, ಬೇಗನೆ ಪುಣೆಯಲ್ಲಿ ಮೊದಲನೆಯ ವರ್ಗದ ಸಬ್‌ಜಡ್ಜರಾದರು.

ಅಷ್ಟರೊಳಗೆ ಅವರ ಹೆಸರು ಪುಣೆ ಮುಂಬಯಿಗಳಲ್ಲಿ ಕೆಲವರಿಗೆ ಪ್ರಿಯವೂ ಹಲವರಿಗೆ ಅಪ್ರಿಯವೂ ಆಗಿದ್ದಿತು. ಕಾರಣ ವಿಧವಾವಿವಾಹ. ಈಶ್ವರಚಂದ್ರ ವಿದ್ಯಾಸಾಗರರ ಪ್ರಯತ್ನದಿಂದ 1856ರ 15ನೆಯ ಕಾಯಿದೆಯು ಹಿಂದೂ ವಿಧವೆಯ ಪುನರ್ವಿವಾಹವನ್ನು ಶಾಸನಬದ್ಧವೆಂದು ಸಾರಿತ್ತು. ಕಾಗದದ ಮೇಲಿನ ಆ ಹಕ್ಕನ್ನು ಕೇಳಲು ಬರುವ ಹೆಣ್ಣು ಎಲ್ಲಿಂದ ಬರಬೇಕು? ಎಂಟೊಂಬತ್ತು ವರ್ಷಕ್ಕೆ ಮದುವೆಯಾಗಿ, ಗಂಡನ ಮುಖವನ್ನು ಸರಿಯಾಗಿ ಕಾಣುವ ಮೊದಲೇ ತಲೆ ಬೋಳಿಸಿಕೊಂಡು ಕೆಂಪು ಸೀರೆಯನ್ನುಟ್ಟು ಅಡಿಗೆಮನೆಯ ಮೂಲೆಯನ್ನು ಸೇರಿದವಳಿಗೆ ಕಾಯಿದೆಯ ಸುದ್ದಿಯನ್ನು ತಿಳಿಸುವವರಾರು? ಕಾಯಿದೆಯಲ್ಲಿಯೇ ಇನ್ನೊಂದು ತೊಡಕಿತ್ತು. ಅದರ ಎರಡನೆಯ ಕಲಮಿನಂತೆ ಮರುಮದುವೆಯಾದವಳು ಸತ್ತ ಗಂಡನ ಆಸ್ತಿಯ ಮೇಲಣ ತನ್ನ ಹಕ್ಕನ್ನು ಬಿಟ್ಟುಕೊಡಬೇಕು. ಒಂದು ಕೈಯಿಂದ ಕೊಟ್ಟುದನ್ನು ಇನ್ನೊಂದು ಕೈಯಿಂದ ಕಸಿದಂತಾಯಿತು.

ಈ ಕಾಯಿದೆಗೆ ಜೀವ ತುಂಬಲೆಂದು ವಿಷ್ಣುಶಾಸ್ತ್ರಿ ಪಂಡಿತರು ಮುಂಬಯಿಯಲ್ಲಿ ವಿಧವಾವಿವಾಹೋತ್ತೇಜಕ ಮಂಡಲಿಯನ್ನು ಕಟ್ಟಿದರು. ಇಂದುಪ್ರಕಾಶ ಪತ್ರಿಕೆಯ ಮರಾಠಿ ಭಾಗ ಶಾಸ್ತ್ರಿಗಳದು, ಇಂಗ್ಲಿಷ್ ಭಾಗ ರಾನಡೆಯವರದು. 1869ನೆಯ ಇಸವಿಯಲ್ಲಿ ಮಂಡಲಿಯ ಆಶ್ರಯದಲ್ಲಿ ಬ್ರಾಹ್ಮಣ ವಿಧವೆಯೊಬ್ಬಳ ವಿವಾಹವು ಬಹಿರಂಗವಾಗಿ ಜರುಗಿತು. ಆಮಂತ್ರಣಪತ್ರಿಕೆಗೆ ಸಹಿ ಹಾಕಿದ್ದವರಿಗೆ ಶಂಕರಾಚಾರ್ಯ ಪೀಠದಿಂದ ಬಹಿಷ್ಕಾರದ ಆಜ್ಞೆ ಬಂದಿತು. ರಾನಡೆಯವರೂ ಅದರಲ್ಲಿ ಸೇರಿದ್ದರು. ಮರುವರ್ಷ ಪುಣೆಯಲ್ಲಿ ಈ ವಿಷಯವಾಗಿ ಶಾಸ್ತ್ರಾರ್ಥವು ನಡೆದು, ತೀರ್ಪು ಸುಧಾರಕರಿಗೆ ವಿರೋಧವಾಗಿ ಹೊರಬಿದ್ದಿತು. ಇಪ್ಪತ್ತೆಂಟು ವರ್ಷದ ತರುಣನು ಸಮಾಜದ ನ್ಯಾಯಾಸನದೆದುರು ಸೋತು ಬಂದನು. ಸೋತರೂ ಪಕ್ಷ ಬಿಡಲಿಲ್ಲವೆಂದು ಜನರು ಮೆಚ್ಚಿದರು. ಆ ಮೆಚ್ಚುಗೆ ಮೂರು ವರ್ಷ ಬಾಳಿತು.

1873ರಲ್ಲಿ ಅವರ ಮೊದಲ ಪತ್ನಿ, ಬಾಲ್ಯದಲ್ಲಿಯೇ ಕೈಹಿಡಿದಿದ್ದ ಸಖೂಬಾಯಿಯವರು, ತೀರಿಕೊಂಡರು. ಮಗನು ಈಗ ವಿಧವೆಯನ್ನು ಮದುವೆಯಾಗಿಬಿಟ್ಟಾನೆಂಬ ಭೀತಿಯು ಗೋವಿಂದರಾಯರನ್ನು ಹಿಡಿಯಿತು. ದುಃಖ ಆರುವ ಮೊದಲೇ ಅವರು ಕನ್ಯೆಯನ್ನು ಗೊತ್ತುಮಾಡಿದರು. ಸಾತಾರಾ ಜಿಲ್ಲೆಯ ಕುರ್ಲೇಕರ ಮನೆತನದ ಆ ಹುಡುಗಿಗೆ ಹನ್ನೊಂದು ವರ್ಷ; ವರನಿಗೆ ಮೂವತ್ತೊಂದು. ರಾನಡೆಯವರು ಬೇಡಿಕೊಂಡರು, ಕಾಲಾವಧಿಯನ್ನು ಕೇಳಿದರು. ಕನ್ಯಾಪಿತೃವಿಗೆ ತಾವು ಸುಧಾರಕರೆಂದೂ ತಮ್ಮ ದೃಷ್ಟಿ ಮಂದವೆಂದೂ ಹೇಳಿ ಅವರೇ ಹಿಂಜರಿಯುವಂತೆ ಮಾಡಲೂ ನೋಡಿದರು. ಯಾವುದೂ ಫಲಿಸಲಿಲ್ಲ. ಈ ಮದುವೆಯಾಗದಿದ್ದರೆ ತಮಗೂ ಮಗನಿಗೂ ಸಂಬಂಧ ಮುಗಿಯಿತೆಂದು ತಂದೆ ನಿಶ್ಚಯವಾಗಿ ನಿಂತರು. ಮಗನು ಮಣಿದನು. ಆ ವರ್ಷವು ಮುಗಿಯುವ ಮೊದಲೇ ಲಗ್ನವು ನಡೆದುಹೋಯಿತು.

ವಿಧವಾವಿವಾಹದ ಮುಂದಾಳು ವಿಧುರನಾದೊಡನೆ ಬಾಲಕಿಯನ್ನು ಮದುವೆಯಾದುದನ್ನು ಕಂಡು ಸನಾತನಿಗಳು ನಕ್ಕರು. ಸುಧಾರಕರು ತಲೆ ತಗ್ಗಿಸಿದರು. ನಗುವುದಕ್ಕೆ ಅವರಿಗೆ ಹಕ್ಕಿತ್ತು. ಮನೆಯಲ್ಲಿಯೇ ಚಿಕ್ಕ ವಯಸ್ಸಿಗೆ ವಿಧವೆಯಾದ ತಂಗಿ ದುರ್ಗೆಯಿದ್ದಳು. ಆಕೆಯ ವಿಷಯದಲ್ಲಿಯೂ ಅಣ್ಣನು ತಂದೆಯ ಮಾತನ್ನು ಮೀರಿರಲಿಲ್ಲ. ಪಿತೃವಾಕ್ಯ ಪರಿಪಾಲನೆಯೆಂದು ಹೇಳಿ ಇದನ್ನು ಸಮರ್ಥಿಸುವವರಿದ್ದಾರೆ. ನಾವು ಒಪ್ಪಲಾರೆವು. ಪಿತೃವಾಕ್ಯಕ್ಕಾಗಿ ರಾಮನು ತನ್ನ ಸುಖವನ್ನು ಬಿಟ್ಟನು. ಇಲ್ಲಿ ಬಲಿಯಾದದ್ದು ಹೆಚ್ಚಾಗಿ ಇತರರ ಬಾಳು. ಅದೇ ಕಾಲದಲ್ಲಿ ವಿಷ್ಣುಶಾಸ್ತ್ರಿ ಪಂಡಿತರು ತಾವೇ ವಿಧವೆಯೊಬ್ಬಳ ಕೈಹಿಡಿದು ನುಡಿದಂತೆ ನಡೆದು ತೋರಿಸಿದರು. ಆದುದರಿಂದ ಅದು ಆಗದ ಮಾತಾಗಿತ್ತೆಂದು ಹೇಳುವಂತಿಲ್ಲ. ಒಂದನ್ನು ಮಾತ್ರ ರಾನಡೆಯವರ ಪರವಾಗಿ ಹೇಳಬೇಕು: ಅವರು ತಮ್ಮ ಕೃತ್ಯಕ್ಕೆ ಶಾಸ್ತ್ರದ ಸಬೂಬನ್ನು ಹುಡುಕಲಿಲ್ಲ. ಮಾಡಿದ ತಪ್ಪನ್ನು ಸಿದ್ಧಾಂತವನ್ನಾಗಿ ತಿದ್ದಲಿಲ್ಲ.

ಆ ಹನ್ನೊಂದು ವರ್ಷದ ಹುಡುಗಿಗೆ ತವರಿನಲ್ಲಿ ಅಕ್ಷರ ಕಲಿಸಿರಲಿಲ್ಲ. ಹೆಣ್ಣು ಓದಿದರೆ ಮನೆಗೆ ಕೇಡೆಂಬ ನಂಬಿಕೆ. ರಮಾಬಾಯಿಯೆಂದು ಹೆಸರು ಪಡೆದು ಬಂದ ಆಕೆಗೆ ಗಂಡನು ಮೊದಲು ಕೊಟ್ಟ ವಸ್ತು ಪಾಟಿ ಬಳಪ. ಹಗಲೆಲ್ಲ ಕೋರ್ಟಿನಲ್ಲಿ ದಾವೆಗಳನ್ನು ಕೇಳಿ ಬಂದ ಸಬ್‌ಜಡ್ಜರು ರಾತ್ರಿ ಕೋಣೆಯಲ್ಲಿ ಕುಳಿತು ಮರಾಠಿ ಮೂಲಾಕ್ಷರಗಳನ್ನು ತಿದ್ದಿಸತೊಡಗಿದರು. ಮರಾಠಿಯಾದ ಮೇಲೆ ಇಂಗ್ಲಿಷು. ಮನೆಯ ಹಿರಿಯ ಹೆಂಗಸರಿಗೆ ಇದು ಸಹ್ಯವಾಗಲಿಲ್ಲ. ಅತ್ತೆಯರೂ ನಾದಿನಿಯರೂ ಚುಚ್ಚಿ ನುಡಿದರು, ಮಾತು ಬಿಟ್ಟರು, ಮಡಿಯ ನೆಪದಿಂದ ದೂರವಿಟ್ಟರು. ನಮ್ಮ ಕಡೆಯ ಕೂಡುಕುಟುಂಬಗಳನ್ನು ಬಲ್ಲ ವಾಚಕರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಗಂಡನು ಆಕೆಗೆ ತಿರುಗಿ ಮಾತನಾಡಲೂ ಕಲಿಸಲಿಲ್ಲ, ಓದನ್ನು ನಿಲ್ಲಿಸಲೂ ಬಿಡಲಿಲ್ಲ. ಸಹಿಸಿಕೊಂಡೇ ಕಲಿಯಬೇಕೆಂಬುದು ಅವರ ಪಾಠ. ಹೊರಗೆ ಕೋರ್ಟಿನ ಕೆಲಸವೂ ಸಭೆಗಳೂ ಇದ್ದ ಗಂಡಸಿಗೆ ಈ ಪಾಠವನ್ನು ಹೇಳುವುದು ಸುಲಭ. ಹಗಲೆಲ್ಲ ಒಳಮನೆಯಲ್ಲಿ ಕಳೆಯಬೇಕಾದವಳಿಗೆ ಅದು ಸುಲಭವಾಗಿರಲಿಲ್ಲ.

1870ರ ದಶಕದ ಕೊನೆಗೆ ಅವರಿಗೆ ಪುಣೆಯಿಂದ ನಾಸಿಕಕ್ಕೂ ಅಲ್ಲಿಂದ 1879ರಲ್ಲಿ ದೂರದ ಧುಳೆಗೂ ವರ್ಗವಾಯಿತು. ವಾಸುದೇವ ಬಲವಂತ ಫಡಕೆಯವರ ಬಂಡಾಯದ ಕಾಲ ಅದು. ಪುಣೆಯ ಸಾರ್ವಜನಿಕ ಸಭೆಯ ಜೀವಾಳವಾಗಿದ್ದ ಈ ಅಧಿಕಾರಿಯ ಮೇಲೆ ಸರಕಾರಕ್ಕೆ ಸಂಶಯ ಹುಟ್ಟಿ, ಅವರ ಟಪ್ಪಾಲನ್ನೂ ಒಡೆದು ನೋಡುತ್ತಿದ್ದರು. ಸಂಶಯ ಕಳೆದ ಮೇಲೆ 1879ರ ದಖ್ಖಣ ರೈತರ ಪರಿಹಾರದ ಕಾಯಿದೆಯ ಮೇರೆಗೆ ಸಬ್‌ಜಡ್ಜರ ಕೋರ್ಟುಗಳನ್ನು ತಪಾಸಣೆ ಮಾಡುವ ಹುದ್ದೆ ದೊರೆಯಿತು. ಸಾಹುಕಾರರ ಬಡ್ಡಿಪತ್ರಗಳಲ್ಲಿ ಸಿಕ್ಕಿಬಿದ್ದ ರೈತರ ದಾವೆಗಳನ್ನು ನೋಡುತ್ತ ಊರೂರು ತಿರುಗಿದ ಆ ಸವಾರಿಗಳಲ್ಲಿ ರಮಾಬಾಯಿಯವರೂ ಜೊತೆಗಿದ್ದರು. ಕಣ್ಣು ಮಂದವಾದ ಗಂಡನಿಗೆ ಓದಿ ಹೇಳುವ ಕೆಲಸ ಅವರ ಪಾಲಿಗೆ ಬಂದಿತು. ಅಕ್ಷರ ಕಲಿಸಿದವರಿಗೆ ಶಿಷ್ಯೆಯೇ ಕಣ್ಣಾದಳು.

1882ರಲ್ಲಿ ಪಂಡಿತಾ ರಮಾಬಾಯಿಯವರು ಪುಣೆಗೆ ಬಂದರು. ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿ, ತಂದೆ ಅನಂತಶಾಸ್ತ್ರಿಗಳಿಂದ ಸಂಸ್ಕೃತ ಕಲಿತ ಪರಿವಾರದ ಆ ವಿದುಷಿ ನಮ್ಮ ಕನ್ನಡ ನೆಲದ ಮಗಳೂ ಹೌದು. ಆಕೆ ಸ್ಥಾಪಿಸಿದ ಆರ್ಯಮಹಿಳಾ ಸಮಾಜಕ್ಕೆ ರಾನಡೆಯವರು ಬೆಂಬಲವಾಗಿ ನಿಂತರು. ರಮಾಬಾಯಿ ರಾನಡೆಯವರು ಅದರ ಸಭೆಗಳಿಗೆ ಹೋಗತೊಡಗಿದರು. ಬಳಿಕ 1884ರಲ್ಲಿ ರಾನಡೆ, ವಾಮನ ಆಬಾಜಿ ಮೋಡಕ, ಭಾಂಡಾರಕರ ಮೊದಲಾದವರು ಕೂಡಿ ಪುಣೆಯಲ್ಲಿ ಹೆಣ್ಣುಮಕ್ಕಳ ಹೈಸ್ಕೂಲನ್ನು ತೆರೆದರು. ಇಂಥ ಶಾಲೆಯು ಅವಶ್ಯವೆಂದು ಬಹಿರಂಗ ಸಭೆಯಲ್ಲಿ ಇಂಗ್ಲಿಷಿನಲ್ಲಿ ವಾಚಿಸಿದವರು ರಮಾಬಾಯಿಯವರೇ. ಅಂದು ಮನೆಗೆ ಬಂದಾಗ ಆಕೆಗೆ ದೊರೆತ ಸ್ವಾಗತವನ್ನು ವಾಚಕರು ಊಹಿಸಿಕೊಳ್ಳಬಹುದು. ಟಿಳಕರ ಪಕ್ಷದ ಪತ್ರಿಕೆಗಳು ಈ ಶಾಲೆಯ ಪಾಠಕ್ರಮವನ್ನು ತೀವ್ರವಾಗಿ ಖಂಡಿಸಿದವು. ಹುಡುಗಿಯರಿಗೆ ಹುಡುಗರ ಪಾಠವೇಕೆ, ಹಗಲೆಲ್ಲ ಶಾಲೆಯಲ್ಲಿ ಕುಳಿತರೆ ಮನೆಗೆಲಸವನ್ನು ಕಲಿಯುವುದು ಯಾವಾಗ ಎಂಬುದು ಅವರ ಆಕ್ಷೇಪದ ಸಾರ. ಪೇಶ್ವೆಯರ ಕುದುರೆಲಾಯವಿದ್ದ ಸ್ಥಳದಲ್ಲಿ ನೆಲೆಸಿದುದರಿಂದ ಶಾಲೆಗೆ ಹುಜೂರ್‌ಪಾಗಾ ಎಂಬ ಹೆಸರೇ ರೂಢಿಯಾಯಿತು.

ಇದೇ ಕಾಲಕ್ಕೆ ಮಲಬಾರಿಯವರು ಬಾಲ್ಯವಿವಾಹ ಮತ್ತು ಬಲಾತ್ಕಾರದ ವೈಧವ್ಯಗಳನ್ನು ಕುರಿತು 1884ರಲ್ಲಿ ತಮ್ಮ ಟಿಪ್ಪಣಿಗಳನ್ನು ಪ್ರಕಟಿಸಿ ದೇಶವನ್ನೆಲ್ಲ ಕಲಕಿದರು. ರಖಮಾಬಾಯಿಯ ಮೊಕದ್ದಮೆಯು ಮುಂಬಯಿ ಹೈಕೋರ್ಟಿನಲ್ಲಿ ನಡೆದದ್ದೂ ಆಗಲೇ: ಹನ್ನೊಂದನೆಯ ವಯಸ್ಸಿಗೆ ಮದುವೆಯಾದವಳು ದೊಡ್ಡವಳಾದ ಮೇಲೆ ಗಂಡನ ಮನೆಗೆ ಹೋಗಲು ನಿರಾಕರಿಸಿದಳು; ಹೋಗಬೇಕು, ಇಲ್ಲವಾದರೆ ಸೆರೆಮನೆಯೆಂದು 1887ರಲ್ಲಿ ಕೋರ್ಟು ಆಜ್ಞಾಪಿಸಿತು. ರಾನಡೆಯವರು ಇಲ್ಲಿ ತಮ್ಮ ಬಲವಾದ ಆಯುಧವನ್ನು ತೆಗೆದರು. ಅದು ಶಾಸ್ತ್ರವೇ. ವಿಧವಾವಿವಾಹಕ್ಕೆ ವೇದದ ಆಧಾರಗಳನ್ನೂ ವಿವಾಹದ ವಯಸ್ಸನ್ನು ಕುರಿತು ಸೂತ್ರ ಸ್ಮೃತಿಗಳ ವಚನಗಳನ್ನೂ ಒಟ್ಟುಗೂಡಿಸಿ, ಎದುರುಪಕ್ಷದ ಸಾಕ್ಷಿಯನ್ನು ಪಾಟೀಸವಾಲು ಮಾಡುವ ವಕೀಲನಂತೆ ಪರೀಕ್ಷಿಸಿ, ಬಾಲ್ಯವಿವಾಹವು ಪುರಾತನವಲ್ಲ, ಹಿಂದಿನ ಸ್ವಾತಂತ್ರ್ಯವು ಕುಸಿದ ಕಾಲದ ರೂಢಿಯೆಂದು ಪ್ರಬಂಧಗಳಲ್ಲಿ ವಾದಿಸಿದರು. ಸಂಮತಿ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿದ 1891ರ ಕಾಯಿದೆಯನ್ನು ಅವರು ಎತ್ತಿಹಿಡಿದರು. ಟಿಳಕರು ವಿರೋಧಿಸಿದರು: ಪರಸರಕಾರಕ್ಕೆ ನಮ್ಮ ಮನೆಯ ಬಾಗಿಲನ್ನು ತೆರೆದುಕೊಡಬಾರದೆಂಬುದು ಅವರ ಮುಖ್ಯ ವಾದ. ಸ್ವರಾಜ್ಯದ ದೃಷ್ಟಿಯಿಂದ ಆ ವಾದಕ್ಕೆ ತೂಕವಿತ್ತೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ 1890ರಲ್ಲಿ ಕಲಕತ್ತೆಯಲ್ಲಿ ಫೂಲಮಣಿ ಎಂಬ ಹತ್ತು ಹನ್ನೊಂದು ವರ್ಷದ ಬಾಲಿಕೆಯು ಗಂಡನಿಂದಲೇ ಸತ್ತಿದ್ದಳು. ಅಂಥ ಮಗುವಿಗೆ ಸ್ವರಾಜ್ಯ ಬರುವವರೆಗೆ ತಾಳಿಕೊಳ್ಳೆಂದು ಹೇಳುವುದು ಹೇಗೆ? ಈ ಪ್ರಶ್ನೆಗೆ ಅಂದಿನ ರಾಷ್ಟ್ರೀಯ ಪತ್ರಿಕೆಗಳು ಉತ್ತರ ಕೊಡಲಿಲ್ಲ. ನಮ್ಮ ಕಸುಬಿನ ಹಿರಿಯರ ಮೇಲೆ ಇದೊಂದು ಬಾಕಿ.

1893ರಲ್ಲಿ ನ್ಯಾಯಮೂರ್ತಿ ತೆಲಂಗರು ಕಾಲವಾಗಲು ಮುಂಬಯಿ ಹೈಕೋರ್ಟಿನ ಆ ಪೀಠವು ರಾನಡೆಯವರಿಗೆ ದೊರೆಯಿತು. ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರಗಳ ಅಪೀಲುಗಳು ಆಗ ಅಲ್ಲಿಗೇ ಹೋಗುತ್ತಿದ್ದುದರಿಂದ ಕನ್ನಡಿಗರ ಮನೆಗಳ ದತ್ತಕದ ಜಗಳ, ಹಿಸ್ಸೆಯ ಜಗಳ, ವಿಧವೆಯರ ಪೋಟಗಿಯ ದಾವೆಗಳೂ ಅವರ ಕೋರ್ಟಿಗೆ ಹೋಗುತ್ತಿದ್ದವು. ಹೆಂಗಸರ ಹಕ್ಕಿನ ವಿಷಯದಲ್ಲಿ ಆ ಕೋರ್ಟಿನ ಸಂಪ್ರದಾಯವು ಇತರ ಪ್ರಾಂತಗಳಿಗಿಂತ ಉದಾರವಾಗಿದ್ದಿತು. ಬಂಗಾಲದಲ್ಲಿ ಗಂಡನ ಅಪ್ಪಣೆಯಿಲ್ಲದೆ ವಿಧವೆಯು ದತ್ತಕ ತೆಗೆದುಕೊಳ್ಳುವಂತಿರಲಿಲ್ಲ. ಮುಂಬಯಿ ಇಲಾಖೆಯಲ್ಲಿ ಪಾಲಾಗಿ ಸತ್ತವನ ವಿಧವೆಯು, ಗಂಡನು ನಿಷೇಧಿಸಿರದಿದ್ದರೆ, ತಾನಾಗಿಯೇ ತೆಗೆದುಕೊಳ್ಳಬಹುದಿತ್ತು. ಮಗಳು ತಂದೆಯ ಆಸ್ತಿಗೆ ವಾರಸಳಾದರೆ ಬೇರೆ ಕಡೆ ಅದು ಅವಳ ಜೀವಮಾನಕ್ಕೆ ಮಾತ್ರ, ಮುಂಬಯಿಯಲ್ಲಿ ಪೂರ್ಣ ಸ್ವಾಮ್ಯ. ಇದಕ್ಕೆ ಮೂಲ ಮಿತಾಕ್ಷರಾ ಮತ್ತು ಮಯೂಖ. ಮಿತಾಕ್ಷರೆಯ ಕರ್ತೃ ವಿಜ್ಞಾನೇಶ್ವರನು ಕಲ್ಯಾಣದಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿದ್ದವನು; ಸ್ತ್ರೀಧನವೆಂದರೆ ತವರಿನ ಉಡುಗೊರೆಯಷ್ಟೇ ಅಲ್ಲ, ವಾರಸಿಕೆಯಿಂದಲೂ ಕ್ರಯದಿಂದಲೂ ಬಂದುದೂ ಸ್ತ್ರೀಧನವೇ ಎಂದು ವ್ಯಾಖ್ಯಾನಿಸಿದವನು. ನಾವು ಪಾಠಶಾಲೆಯಲ್ಲಿ ವ್ಯವಹಾರಾಧ್ಯಾಯವನ್ನು ಉರುಹಚ್ಚುತ್ತಿದ್ದಾಗ ಈ ಪಂಕ್ತಿಯ ಬೆಲೆ ನಮಗೆ ತಿಳಿದಿರಲಿಲ್ಲ, ತಿಳಿಸಿದವರೂ ಇಲ್ಲ. ಎಂಟು ನೂರು ವರ್ಷಗಳ ಹಿಂದೆ ಕನ್ನಡ ನೆಲದಲ್ಲಿ ಬರೆದ ಉದಾರವಾಕ್ಯವನ್ನು ಬ್ರಿಟಿಷ್ ಸಾಮ್ರಾಜ್ಯದ ಪ್ರಿವಿ ಕೌನ್ಸಿಲ್ಲು ಸಂಕೋಚಗೊಳಿಸುತ್ತಿದ್ದ ಕಾಲದಲ್ಲಿ ಸಂಸ್ಕೃತ ಬಲ್ಲ ದೇಶೀಯ ನ್ಯಾಯಾಧೀಶನೊಬ್ಬನು ಮುಂಬಯಿಯ ಪೀಠದಲ್ಲಿ ಕುಳಿತಿದ್ದುದು ಸಣ್ಣ ಮಾತಲ್ಲ. ಹಾಗೆಂದು ಅವರು ಕಾಯಿದೆಯನ್ನು ಮೀರಲಾರದವರಾಗಿದ್ದರು. 1856ರ ಕಾಯಿದೆಯ ಎರಡನೆಯ ಕಲಮು ಅವರ ಕೈಗಳನ್ನೂ ಕಟ್ಟಿತ್ತು. ಹಿಂದೂ ಸ್ತ್ರೀಯ ಆಸ್ತಿಗೆ ಪೂರ್ಣ ಸ್ವಾಮ್ಯವು ದೇಶಕ್ಕೆಲ್ಲ ದೊರೆತದ್ದು 1956ರಲ್ಲಿ.

ಪೀಠದಿಂದ ಮಾಡಲಾಗದುದನ್ನು ಅವರು ಸಾಮಾಜಿಕ ಪರಿಷತ್ತಿನಿಂದ ಮಾಡಲು ನೋಡಿದರು. 1887ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಈ ಪರಿಷತ್ತು ವರ್ಷಕ್ಕೊಮ್ಮೆ ಕಾಂಗ್ರೆಸ್ಸಿನ ಚಪ್ಪರದಲ್ಲಿಯೇ ಕೂಡುತ್ತಿತ್ತು. 1894ರಲ್ಲಿ ನಮ್ಮ ಮೈಸೂರು ಸಂಸ್ಥಾನವು ಎಂಟು ವರ್ಷ ತುಂಬದ ಹೆಣ್ಣುಮಗುವಿನ ಮದುವೆಯನ್ನೂ, ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದವಳನ್ನು ಮದುವೆಯಾಗುವುದನ್ನೂ ನಿಷೇಧಿಸಿತು. ಎಂಟೆಂಬುದು ಇಂದು ನಮಗೆ ನಾಚಿಕೆಯ ಅಂಕಿ. ಅಂದು ಅದಕ್ಕೂ ವಿರೋಧವಿದ್ದಿತು. ಮರುವರ್ಷ ಪುಣೆಯ ಕಾಂಗ್ರೆಸ್ಸಿನಲ್ಲಿ ಪರಿಷತ್ತಿಗೆ ಚಪ್ಪರವನ್ನು ಕೊಡಬಾರದೆಂದು ದೊಡ್ಡ ಗದ್ದಲವೆದ್ದಿತು, ಚಪ್ಪರಕ್ಕೆ ಬೆಂಕಿ ಹಚ್ಚುವ ಬೆದರಿಕೆಯೂ ಕೇಳಿಬಂದಿತು. ಕಾಂಗ್ರೆಸ್ಸು ಒಡೆಯಬಾರದೆಂದು ರಾನಡೆಯವರು ಚಪ್ಪರವನ್ನು ಬಿಟ್ಟುಕೊಟ್ಟು ಪರಿಷತ್ತನ್ನು ಬೇರೆಡೆ ನಡೆಸಿದರು.

ಇಲ್ಲಿಯೂ ಅವರು ಮಣಿದರು. ಅದಕ್ಕೂ ಮೊದಲು 1890ರಲ್ಲಿ ಪುಣೆಯ ಪಂಚಹೌದ ಮಿಶನ್ನಿನಲ್ಲಿ ಪಾದ್ರಿಗಳ ಚಹಾದ ಪ್ರಕರಣವು ನಡೆದು, ಗ್ರಾಮಣ್ಯವೆದ್ದು, ಕೊನೆಗೆ 1892ರಲ್ಲಿ ಸ್ನೇಹಿತರ ಸಂಕಟಕ್ಕಾಗಿ ಅವರು ಪ್ರಾಯಶ್ಚಿತ್ತ ಮಾಡಿಕೊಂಡಿದ್ದರು. 1893ರಲ್ಲಿ ಶಾರದಾ ಸದನದ ವಿಧವೆಯರು ಕ್ರೈಸ್ತಧರ್ಮದ ಕಡೆಗೆ ಒಲಿಯುತ್ತಿದ್ದಾರೆಂಬ ಕೂಗು ಎದ್ದಾಗ ಭಾಂಡಾರಕರರೊಡನೆ ಅದರ ಸಲಹಾಮಂಡಲಿಯಿಂದ ಹಿಂದೆಗೆದರು. ಇವೆಲ್ಲವೂ ಒಂದೇ ತಕ್ಕಡಿಯಲ್ಲಿ ತೂಗತಕ್ಕವಲ್ಲ. ಚಪ್ಪರವನ್ನು ಬಿಟ್ಟುದು ವಿವೇಕ, ಪ್ರಾಯಶ್ಚಿತ್ತವು ದಾಕ್ಷಿಣ್ಯ, ಸದನದ ಪ್ರಶ್ನೆಯಲ್ಲಿ ಎರಡು ಕಡೆಗೂ ಹೇಳುವುದಿದೆ, 1873ರ ಮದುವೆ ಮಾತ್ರ ತಪ್ಪು. ಎಲ್ಲವನ್ನೂ ದೌರ್ಬಲ್ಯವೆಂದು ಬಿಟ್ಟವರು ಆ ಮನುಷ್ಯನು ಪ್ರತಿ ಸಲ ಮಣಿದ ಮೇಲೆ ಮರುದಿನ ಬೆಳಿಗ್ಗೆ ಮತ್ತೆ ಅದೇ ಕೆಲಸಕ್ಕೆ ಹಾಜರಾದುದನ್ನು ಕಾಣಲಿಲ್ಲ.

1900ರ ಡಿಸೆಂಬರದಲ್ಲಿ ಲಾಹೋರಿಗೆ ಹೊರಡಬೇಕಾಗಿದ್ದ ಅವರನ್ನು ಹೃದಯದ ವ್ಯಾಧಿಯು ತಡೆಯಿತು. ಅವರ ಭಾಷಣವನ್ನು ಗೋಖಲೆಯವರು ಅಲ್ಲಿಗೆ ಒಯ್ದು ಓದಿದರು. ಮೂರು ವಾರಗಳಲ್ಲಿ ಎಲ್ಲವೂ ಮುಗಿಯಿತು.

ರಮಾಬಾಯಿಯವರಿಗೆ ಆಗ ನಾಲ್ವತ್ತೂ ತುಂಬಿರಲಿಲ್ಲ. ಯಾರ ಹಕ್ಕಿಗಾಗಿ ಗಂಡನು ಬಾಳೆಲ್ಲ ವಾದಿಸಿದ್ದನೋ ಆ ವಿಧವೆಯರ ಸಾಲಿಗೆ ತಾವೇ ಸೇರಿದರು. ಕೆಲಕಾಲ ಹೊರಗೆ ಬಾರದೆ ಇದ್ದು, ಬಳಿಕ 1904ರಲ್ಲಿ ಮುಂಬಯಿಯ ಭಾರತ ಮಹಿಳಾ ಪರಿಷತ್ತಿನ ಅಧ್ಯಕ್ಷರಾದರು. 1909ರಲ್ಲಿ ಪುಣೆಯ ಸೇವಾಸದನವು ಅವರ ಮುಂದಾಳುತನದಲ್ಲಿ ಆರಂಭವಾಗಿ, ವಿಧವೆಯರೂ ಗೃಹಿಣಿಯರೂ ಉಪಾಧ್ಯಾಯಿನಿಯರಾಗಿ, ದಾದಿಯರಾಗಿ, ಸೂಲಗಿತ್ತಿಯರಾಗಿ ತರಬೇತಾಗಿ ಹೊರಬಂದರು. ಮುಂಬಯಿ ಇಲಾಖೆಯ ಹೆಂಗಸರಿಗೆ ಮತದಾನದ ಹಕ್ಕು ಬೇಕೆಂದು ಚಳವಳಿಯನ್ನು ಮುನ್ನಡೆಸಿ 1921ರಲ್ಲಿ ಅದು ಕೈಗೂಡಿದುದನ್ನು ಕಂಡು, 1924ರಲ್ಲಿ ತೀರಿಕೊಂಡರು.

1910ರಲ್ಲಿ ಅವರು ತಮ್ಮ ಸಂಸಾರದ ನೆನಪುಗಳನ್ನು ಮರಾಠಿಯಲ್ಲಿ ಪುಸ್ತಕವಾಗಿ ಪ್ರಕಟಿಸಿದ್ದರು. ಗಂಡನನ್ನು ದೇವರೆಂದೇ ಭಾವಿಸಿದ ಹೆಂಡತಿ ಬರೆದದ್ದು ಅದು. ಆದರೂ 1873ರ ಆ ಮದುವೆಯ ಸಂಗತಿಯನ್ನು, ಮಾವನವರ ಹಟವನ್ನು, ಗಂಡನ ಮೌನದುಃಖವನ್ನು ಅದರಲ್ಲಿ ಮರೆಮಾಚಿಲ್ಲ. ಪಾಟಿಯ ಮೇಲೆ ಮೊದಲ ಅಕ್ಷರವನ್ನು ತಿದ್ದಿಸಿದವರ ತಪ್ಪೂ ಆ ಶಿಷ್ಯೆಯ ಕೈಬರಹದಲ್ಲಿಯೇ ದಾಖಲಾಗಿ ಉಳಿಯಿತು. ಹುಜೂರ್‌ಪಾಗೆಯ ಶಾಲೆಯು ಪುಣೆಯಲ್ಲಿ ಇಂದಿಗೂ ನಡೆಯುತ್ತಿದೆ.